ಮೊದಲು ಕೈ ಎತ್ತಿದವಳು

ನಮ್ಮೂರ ಕೆರೆಯ ಅರ್ಧವನ್ನು ಬೂದಿಗೆ ಕೊಟ್ಟವಳು ರುಖಿಯಾ ಎಂದು ಊರೆಲ್ಲ ಹೇಳುತ್ತದೆ. ಹಾಗೆ ಹೇಳುವವರ ನಾಲಿಗೆಯನ್ನು ಸೋಡಾಪುಡಿ ಹಾಕಿ ಕುದಿಸಬೇಕು ಅನ್ನಿಸುತ್ತದೆ ನನಗೆ. ನಾನು ಊರ ಬಟ್ಟೆ ಒಗೆಯುವವಳು, ಚೌಡಮ್ಮ. ಕೊಳೆ ಯಾವುದು, ಕಲೆ ಯಾವುದು ಎಂದು ಇಪ್ಪತ್ತೆಂಟು ವರ್ಷದಿಂದ ನೋಡುತ್ತಿದ್ದೇನೆ. ಅವಳು ಕೈ ಎತ್ತಿದ್ದು ನಿಜ. ಎಲ್ಲರಿಗಿಂತ ಮೊದಲು ಎತ್ತಿದ್ದೂ ನಿಜ. ಎರಡನೆಯವಳು ನಾನು. ನನ್ನ ಹೆಸರನ್ನು ಯಾರೂ ಎತ್ತುವುದಿಲ್ಲ, ಎರಡನೆಯವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ನಮ್ಮಲ್ಲಿ ಊರಿನ ವಿಷಯ ಏನೇ ಇದ್ದರೂ ಚಾವಡಿಯಲ್ಲಿ ತೀರ್ಮಾನವಾಗಬೇಕು. ಚಾವಡಿಯ ಬಾಗಿಲನ್ನು ಸಭೆಗೆಂದು ಒಮ್ಮೆ ಮುಚ್ಚಿದರೆ, ಒಳಗಿದ್ದವರೆಲ್ಲ ಒಂದೇ ಮಾತಿಗೆ ಕೈ ಎತ್ತುವವರೆಗೆ ಅದು ತೆರೆಯುವುದಿಲ್ಲ. ಅಗುಳಿ ಇಲ್ಲ, ಬೀಗ ಇಲ್ಲ. ಒಂದೇ ಒಂದು ಕೈ ಕೆಳಗಿದ್ದರೂ ಹತ್ತು ಜನ ಸೇರಿ ನೂಕಿದರೂ ಅಲುಗುವುದಿಲ್ಲ. ಕಿಟಕಿಗಳೂ ಹಾಗೆಯೇ. ಹಿಂದೊಮ್ಮೆ ಯಾರೋ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿದ್ದಳಂತೆ. ದೊಡ್ಡವರೆಲ್ಲ ಒಪ್ಪಿ ಕೈ ಎತ್ತಿದರೂ ಕೂಸಿನ ಕೈ ಕೆಳಗೇ ಇತ್ತಲ್ಲ, ಎರಡು ದಿನ ಹೆಚ್ಚು ಕೂತರಂತೆ. ಕೊನೆಗೆ ಅದು ಸೂರಿನ ಹಲ್ಲಿಯನ್ನು ಹಿಡಿಯಲು ಕೈ ಚಾಚಿದಾಗ, ಉಳಿದವರು ಗಡಬಡಿಸಿ ತಮ್ಮ ಕೈಗಳನ್ನೂ ಎತ್ತಿ ಪಾರಾದರಂತೆ. ಅಂದಿನಿಂದ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಮನೆಗೊಬ್ಬರು ಹೋಗುವುದು ರೂಢಿ, ಹೆಚ್ಚು ಬಂದರೆ ತಡೆಯುವವರಿಲ್ಲ. ಹೋಗದಿದ್ದ ಮನೆ ಒಪ್ಪಿದಂತೆ. ಹೆದ್ದಾರಿಯ ಪಕ್ಕದಲ್ಲಿ 'ಸರ್ವಾನುಮತದ ಊರಿಗೆ ಸ್ವಾಗತ' ಎಂಬ ಫಲಕವಿದೆ. ದೊಡ್ಡ ಅಧಿಕಾರಿಗಳು ಬಂದು ಶಾಲು ಹೊದೆಸಿಕೊಂಡು, ಜಗಳವೇ ಇಲ್ಲದ ಊರು ಎಂದು ಹೊಗಳಿ, ಊಟ ಮಾಡಿ ಹೋಗುತ್ತಾರೆ. ಜಗಳವಿಲ್ಲವಂತೆ. ಜಗಳವಾಡುವಷ್ಟು ಹೊತ್ತು ಕೂರಲು ಯಾರಿಗೆ ಬಿಡುವಿದೆ ಎಂದು ಒಬ್ಬನಾದರೂ ಕೇಳಿದ್ದನ್ನು ನಾನು ಕಾಣೆ.

ಕೆರೆಯ ಬಡಗಣ ಅರ್ಧಕ್ಕೆ ವಿದ್ಯುತ್ ಕಂಪನಿಯವರು ಬೂದಿ ಸುರಿಯಲು ಅನುಮತಿ ಕೇಳಿದಾಗ ನಡೆದ ಸಭೆ ಅದು. ಕಂಪನಿಯ ಪರವಾಗಿ ಯೋಗಾನಂದ ಎಂಬವನು ಬಂದಿದ್ದ. ಚಾವಡಿಯಲ್ಲಿ ಕೂರುವ ಹಕ್ಕು ಬೇಕೆಂದು ನಮ್ಮೂರಲ್ಲಿ ಒಂದು ಸೈಟು ಕೊಂಡು ಶೀಟಿನ ಮನೆ ಕಟ್ಟಿಸಿದ್ದ. ಅವನು ವಾದ ಮಾಡಲಿಲ್ಲ. ಗಾಳಿ ತುಂಬುವ ದಿಂಬು, ಒಂದು ಡಬ್ಬಿ ಖರ್ಜೂರ, ಪದಬಂಧದ ಪುಸ್ತಕ ತಂದಿದ್ದ. "ನಂದೇನೂ ಒತ್ತಾಯ ಇಲ್ಲ. ನಿಧಾನವಾಗಿ ಯೋಚ್ನೆ ಮಾಡಿ" ಎಂದು ಗೋಡೆಗೆ ಒರಗಿ ಪೆನ್ಸಿಲ್ ಹಿಡಿದ.

ನಮ್ಮ ಕಡೆಗೆ ವಾಮನಮೂರ್ತಿಯವರಿದ್ದರು. ಪೇಟೆಬೀದಿಯಲ್ಲಿ ಅವರದೊಂದು ಪ್ರಿಂಟಿಂಗ್ ಪ್ರೆಸ್ ಇದೆ, ಕೆರೆ ಉಳಿಸಿ ಸಮಿತಿಗೆ ಅವರೇ ಅಧ್ಯಕ್ಷರು. ಮೂರು ಗಂಟೆ ಮಾತಾಡಿದರು. ನೀರಿನ ಬಗ್ಗೆ, ನೆಲದ ಬಗ್ಗೆ, ಮುಂದಿನ ತಲೆಮಾರಿನ ಬಗ್ಗೆ. ನಾನೇ ಅತ್ತುಬಿಟ್ಟೆ. ಆದರೆ ಭಾಷಣ ಮುಗಿದ ಮೇಲೂ ದಿನ ಮುಗಿಯಬೇಕಲ್ಲ. ಚಾವಡಿಯ ಮೂಲೆಯಲ್ಲಿ ಎದೆಮಟ್ಟದ ಒಂದು ಗೋಡೆ ಇದೆ, ಬಯಲಿಗೆ ಹೋಗುವ ಜಾಗ ಎಂದರೆ ಅದೇ. ಕಟ್ಟಿದವರು ಗಂಡಸರು, ಅವರಿಗೆ ಅಷ್ಟು ಸಾಕು. ಹೆಂಗಸರು ಸಭೆಯ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದೆವು.

ರುಖಿಯಾ ನನ್ನ ಪಕ್ಕ ಕೂತಿದ್ದಳು. ಊದುಬತ್ತಿ ಹೊಸೆಯುವ ಹುಡುಗಿ, ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವವನು. ಮನೆಯಿಂದ ಬರಲು ಅವಳೊಬ್ಬಳೇ ಇದ್ದದ್ದು. ನಾಲ್ಕು ತಿಂಗಳ ಕೂಸನ್ನು ಒಂದೆರಡು ಗಂಟೆಗೆಂದು ನೆರೆಮನೆಯಲ್ಲಿ ಬಿಟ್ಟು ಬಂದಿದ್ದಳು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ಎದೆ ಕಲ್ಲಾಗಿತ್ತು, ಕುಪ್ಪಸದ ಮುಂಭಾಗವೆಲ್ಲ ಹಾಲಿನಲ್ಲಿ ನೆನೆದು ಸೆರಗಿಗೂ ಹತ್ತಿತ್ತು. ಅವಳು ಮುಖ ಗೋಡೆಗೆ ಮಾಡಿಕೊಂಡು ಕೂತಿದ್ದಳು. ಆಮೇಲೆ ಯಾರನ್ನೂ ನೋಡದೆ ಕೈ ಎತ್ತಿದಳು. ಮನೆಯಲ್ಲಿ ನನ್ನ ಅತ್ತೆಗೆ ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು, ಸೊಸೆ ಆಗ ಬಸುರಿ. ನಾನೂ ಎತ್ತಿದೆ. ಆಮೇಲೆ ದ್ಯಾವಮ್ಮನಂಥ ಎಮ್ಮೆ ಇದ್ದವರು, ಪಾಳಿಗೆ ಹೋಗಬೇಕಾದ ಮಿಲ್ಲಿನವರು, ಜ್ವರದ ಮಗುವನ್ನು ಬಿಟ್ಟು ಬಂದವರು. ಸಂಜೆಗೆ ಎಲ್ಲ ಕೈಗಳೂ ಮೇಲಿದ್ದವು. ಕೊನೆಗೆ ಎತ್ತಿದವರು ವಾಮನಮೂರ್ತಿ, ಕಣ್ಣೀರು ಸುರಿಸುತ್ತ. ಅವರಿಗೆ ಕೊನೆಯವರೆಗೆ ಹೋರಾಡಿದವರು ಎಂಬ ಹೆಸರು ಬಂತು. ಕೊನೆಯವರೆಗೆ ಕೂತಿದ್ದವರು ಅಷ್ಟೇ. ಅವರ ಮನೆಯಲ್ಲಿ ಒಲೆಯ ಮುಂದೆ, ಪ್ರೆಸ್ಸಿನ ಗಲ್ಲಾದ ಮುಂದೆ ಅವರ ಹೆಂಡತಿ ಕಮಲಾಕ್ಷಮ್ಮ ಇದ್ದರು.

ಮರುವಾರವೇ ಸಮಿತಿಯ ಕರಪತ್ರ ಬಂತು. 'ಕೆಲವರ ದೌರ್ಬಲ್ಯದಿಂದ ಕೆರೆಯ ಅರ್ಧ ಕೈತಪ್ಪಿತು' ಎಂದು ದಪ್ಪಕ್ಷರದಲ್ಲಿ. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ನಲ್ಲಿಯ ಮುಂದೆ ರುಖಿಯಾಳ ಕೊಡ ಎಷ್ಟು ಹೊತ್ತಿಗೆ ಇಟ್ಟರೂ ಕೊನೆಗೇ ತುಂಬುತ್ತಿತ್ತು. ಲಾರಿಗಳು ಬೂದಿ ತಂದು ಸುರಿಯತೊಡಗಿದವು. ಗಾಳಿ ಬಂದ ದಿನ ಅವಳು ಒಣಹಾಕಿದ ಊದುಬತ್ತಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು, ನಾನು ಹರವಿದ ಬಿಳಿ ಬಟ್ಟೆಯೂ ಅಷ್ಟೇ. "ಏನ್ ಚೌಡಮ್ಮ, ಮಲ್ಲಿಗೆ ಥರ ಇದ್ದ ಪಂಚೆ ಕೊಟ್ಟಿದ್ದೆ" ಎನ್ನುವರು ಗಿರಾಕಿಗಳು. ಅವರೂ ಕೈ ಎತ್ತಿದವರೇ.

ಐದು ತಿಂಗಳಾಗಿತ್ತು. ಉಳಿದ ತೆಂಕಣ ಅರ್ಧವೂ ಬೇಕೆಂದು ಕಂಪನಿ ಅರ್ಜಿ ಹಾಕಿತು. ನಲವತ್ತು ದಿನ ಕಳೆದು ಸಭೆ ಎಂದು ಡಂಗುರವಾಯಿತು. ತೆಂಕಣ ಅರ್ಧದಲ್ಲೇ ನನ್ನ ಒಗೆಯುವ ಕಲ್ಲುಗಳಿರುವುದು. ಅದು ಹೋದರೆ ನಾನು, ನನ್ನ ಮಗ ಸೊಸೆ, ಇನ್ನೂ ಒಂಬತ್ತು ಮನೆಯವರು ಊರು ಬಿಡಬೇಕು. ಆ ದಿನ ನಾನು ರುಖಿಯಾಳ ಮನೆಗೆ ಹೋದೆ. ಐದು ತಿಂಗಳಲ್ಲಿ ಹೋಗಿರಲಿಲ್ಲ, ನಾಚಿಕೆಯಾಗುತ್ತಿತ್ತು. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದಳು.

"ಈ ಸಲ ನಾನ್ ಬರಲ್ಲ ಚೌಡಕ್ಕ" ಎಂದಳು. "ಬಂದ್ರೂ ನಾನೇ ಕೆಟ್ಟೋಳು, ಬರ್ದಿದ್ರೂ ನಾನೇ."

"ನಾನೂ ಎತ್ತಿದ್ನಲ್ಲೇ."

"ಯಾಕ್ ಎತ್ತಿದೆ ಅಂತ ಎಲ್ರೂ ಕೇಳಿದ್ರು. ಅವತ್ತು ಕೂಸನ್ನ ಯಾರ್ ನೋಡ್ಕೋತಿದ್ರು ಅಂತ ಒಬ್ರೂ ಕೇಳಿಲ್ಲ. ಪಕ್ಕದ ಮನೆಯೋಳು ಮಾರನೇ ದಿನ ಮಧ್ಯಾಹ್ನದವರೆಗೆ ಇಟ್ಕೊಂಡು, ಆಮೇಲೆ ಅವಳ ಗಂಡ ಬೈದ ಅಂತ ನಮ್ಮ ಬಾಗಿಲ ಹತ್ರ ಮಲಗ್ಸಿ ಹೋಗಿದ್ಳು. ನಾನ್ ಬಂದಾಗ ಅತ್ತೂ ಅತ್ತೂ ಅದರ ದನಿನೇ ಹೋಗಿತ್ತು."

ಅವಳು ಇದನ್ನು ಸಿಟ್ಟಿಲ್ಲದೆ ಹೇಳಿದಳು. ಸಿಟ್ಟು ನನಗೆ ಬಂತು. ಕೆರೆಗೆ ಬಂದು ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತ ಯೋಚಿಸಿದೆ. ಸಭೆ ಮುಗಿದ ಮೇಲೆ ಎಲ್ಲರ ಬಟ್ಟೆಯೂ ನನ್ನ ಕೈಗೇ ಬರುತ್ತದೆ. ಬೆವರು, ಹಾಲು, ತಡೆಯಲಾಗದೆ ಹೋದ ಮೂತ್ರ, ಎಲ್ಲವನ್ನೂ ಒಗೆದವಳು ನಾನು. ಯಾವ ಸಭೆಯಲ್ಲಿ ಯಾರು ಮೊದಲು ಸೋತರು, ಯಾಕೆ ಸೋತರು ಎಂಬುದು ಭಾಷಣ ಮಾಡುವವರಿಗಿಂತ ನನಗೆ ಚೆನ್ನಾಗಿ ಗೊತ್ತು. ಒಬ್ಬರೂ ಹೇಡಿಗಳಲ್ಲ. ಅವರಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿದ್ದರು. ಯಾರೂ ಕಾಯದವನು, ಅಥವಾ ತನ್ನ ಪಾಲಿನ ಕೆಲಸವನ್ನು ಬೇರೆ ಯಾರೋ ಮಾಡುತ್ತಿರುವವನು ಗೆಲ್ಲುತ್ತಾನೆ. ಇದಕ್ಕೆ ನಾವು ಸರ್ವಾನುಮತ ಎಂದು ಹೆಸರಿಟ್ಟು ಫಲಕ ಹಾಕಿಸಿದ್ದೇವೆ.

ಸಮಿತಿಯ ಸಭೆ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಬ್ಯಾನರಿನ ಬಣ್ಣ ಯಾವುದು, ಯಾರು ಎಷ್ಟು ಹೊತ್ತು ಮಾತಾಡಬೇಕು, ಹೊರಗೆ ಯಾವ ಘೋಷಣೆ ಕೂಗಬೇಕು ಎಂಬ ಚರ್ಚೆ ಜೋರಾಗಿತ್ತು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಸಾರ್, ದ್ಯಾವಮ್ಮನ ಎಮ್ಮೆ ಹಾಲು ಯಾರ್ ಕರೀತಾರೆ?"

ನಾಲ್ಕೈದು ಜನ ನಕ್ಕರು. ವಾಮನಮೂರ್ತಿ ನಗಲಿಲ್ಲ, ಅವರು ಸಭ್ಯರು. "ಅದೆಲ್ಲ ಮನೆ ವಿಷಯ ಕಣಮ್ಮ. ಇಲ್ಲಿ ಕೆರೆ ವಿಷಯ ಮಾತಾಡ್ತಿದ್ದೀವಿ. ತ್ಯಾಗ ಇಲ್ದೆ ಚಳವಳಿ ಆಗಲ್ಲ" ಎಂದರು.

"ನಿಮ್ಮನೇಲಿ ತ್ಯಾಗ ಯಾರ್ ಮಾಡ್ತಾರೆ ಸಾರ್?"

ಕಮಲಾಕ್ಷಮ್ಮ ಆಗಲೇ ಕಾಫಿಯ ತಟ್ಟೆ ಹಿಡಿದು ಒಳಗೆ ಬಂದದ್ದು. ಹನ್ನೊಂದು ಲೋಟ. ತಟ್ಟೆ ಇಟ್ಟು, ಅಂಗೈಯಲ್ಲಿದ್ದ ಗ್ಯಾಸಿನ ಮಾತ್ರೆಯನ್ನು ಗಂಡನ ಮುಂದೆ ಹಿಡಿದರು. ಅವರು ತಲೆ ಎತ್ತದೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಕಮಲಾಕ್ಷಮ್ಮ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿದರು. ನನಗೆ ಕಾಫಿ ಬೇಕಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಲೋಟ ಬೇರೆ ಇರುತ್ತಿತ್ತೋ ಏನೋ. ನಾನು ಹೊರಟೆ.

ಅಂದಿನಿಂದ ನಾವು ನಮ್ಮದೇ ದಾರಿ ಹಿಡಿದೆವು. ನಾವು ಅಂದರೆ ನಾನು, ರುಖಿಯಾ, ದ್ಯಾವಮ್ಮ. ಕೂಸನ್ನು ನೋಡಿಕೊಳ್ಳಲು ಜನ ಇದ್ದರೆ ಬರುತ್ತೇನೆ ಎಂದು ರುಖಿಯಾ ಒಪ್ಪಿದ್ದಳು. ನಮ್ಮ ಏರ್ಪಾಡು ಇಷ್ಟೇ. ಒಳಗೆ ಹೋಗುವ ಪ್ರತಿಯೊಬ್ಬಳಿಗೂ ಹೊರಗೆ ಒಬ್ಬಳು ಜೋಡಿ. ಒಳಗಿನವಳ ಮನೆ ಹೊರಗಿನವಳ ಜವಾಬ್ದಾರಿ, ಎಷ್ಟು ದಿನವಾದರೂ. ಹೇಳುವುದು ಸುಲಭ. ಮಾಡಲು ಹೋದಾಗ ನಮ್ಮ ಹುಳುಕೆಲ್ಲ ಹೊರಗೆ ಬಿತ್ತು. ನಮ್ಮ ಕೊಟ್ಟಿಗೆಗೆ ಅವಳು ಕಾಲಿಡಬಾರದು ಎಂದಳು ಒಬ್ಬಳು. ಅವರ ಮನೆಯ ಪಾತ್ರೆ ನಾನು ಮುಟ್ಟುವುದಿಲ್ಲ ಎಂದಳು ಇನ್ನೊಬ್ಬಳು. ನಾನು ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. "ನಿನ್ನ ಒಳಲಂಗ ಒಗೆಯೋಕೆ ಆಗತ್ತೆ, ನಿನ್ನ ಎಮ್ಮೆ ಮುಟ್ಟೋಕೆ ಆಗಲ್ವಾ ನಂಗೆ?" ಎಂದು ಬೀದಿಯಲ್ಲೇ ಕೇಳಿದೆ. ಮೂರು ಮನೆಯವರು ಬಿಟ್ಟುಹೋದರು, ಹೋಗಲಿ. ಮಿಲ್ಲಿನ ಗಂಡಸರಲ್ಲಿ ಆರು ಜನ ತಾವಾಗಿ ಬಂದು, ಪಾಳಿ ಬದಲಿಸಿಕೊಂಡು ಅಡುಗೆ ಮಾಡಲು ಒಪ್ಪಿದರು. ಅವರಿಗೆ ಮುದ್ದೆ ತೊಳಸುವುದನ್ನು ದ್ಯಾವಮ್ಮ ಕಲಿಸಿದಳು, ಗಂಟಾದ ಮುದ್ದೆಯನ್ನು ಅವರಿಗೇ ತಿನ್ನಿಸಿದಳು.

ರುಖಿಯಾಳ ಕೂಸಿನದೇ ಕಷ್ಟವಾಯಿತು. ಅದು ಮೇಲುಹಾಲು ಮುಟ್ಟುತ್ತಿರಲಿಲ್ಲ. ನನ್ನ ಸೊಸೆ ಕೆಂಪಿಗೆ ಮೂರು ತಿಂಗಳ ಮಗಳಿದ್ದಳು. ಅವಳೇ ಒಂದು ದಿನ, "ಅತ್ತೆ, ನಾನೇ ಕುಡಿಸ್ತೀನಿ ಬಿಡಿ. ಎರಡು ಎದೆ ಇಲ್ವಾ" ಎಂದಳು. ಮಗ ಮುಖ ಗಂಟಿಕ್ಕಿದ. ಅವನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಹದಿನೈದು ದಿನ ಕೂಸನ್ನು ದಿನಕ್ಕೆರಡು ಸಲ ನಮ್ಮ ಮನೆಗೆ ತಂದು ಅಭ್ಯಾಸ ಮಾಡಿಸಿದೆವು. ನಾವೂ ಅಭ್ಯಾಸ ಮಾಡಿದೆವು. ದ್ಯಾವಮ್ಮನ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ದಿನ, ಆಮೇಲೆ ಎರಡು ದಿನ ಕೂತು ನೋಡಿದೆವು. ನೀರು ಕುಡಿದೇ ಕೂತೆವು. ಮುಚ್ಚಳದ ಎರಡು ಬಕೆಟ್, ಒಲೆಬೂದಿ, ಸುತ್ತ ಕಟ್ಟಲು ನಾಲ್ಕು ಹಳೆಯ ಸೀರೆ, ಇವೇ ನಮ್ಮ ಬ್ಯಾನರುಗಳಾದವು.

ಸಭೆಯ ದಿನ ಬಂತು. ಯೋಗಾನಂದ ತನ್ನ ದಿಂಬು ಊದಿಕೊಂಡ. ಅಕ್ಕಿಗಿರಣಿಯ ಸಾಹುಕಾರರೂ ಅವರ ಕಡೆಯ ಹದಿನೆಂಟು ಮನೆಯವರೂ ಅವನ ಹತ್ತಿರ ಕೂತರು. ಬಾಗಿಲು ಮುಚ್ಚುವ ಹೊತ್ತಿಗೆ ಕೈಯಲ್ಲೊಂದು ಗಂಟು ಹಿಡಿದು ಕಮಲಾಕ್ಷಮ್ಮ ಒಳಗೆ ಬಂದರು. ವಾಮನಮೂರ್ತಿಗೆ ಗಾಬರಿಯಾಯಿತು.

"ನೀನ್ಯಾಕೆ ಬಂದೆ? ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ನೀವು ಯಾರಿಗೂ ಹೇಳಿರ್ಲಿಲ್ವಲ್ಲ" ಎಂದು ಕಮಲಾಕ್ಷಮ್ಮ ಬಂದು ನಮ್ಮ ನಡುವೆ ಕೂತರು. ಬಾಗಿಲು ಮುಚ್ಚಿತು.

ಮೊದಲ ದಿನ ಸಮಿತಿಯ ಭಾಷಣಗಳಾದವು. ಎರಡನೆಯ ದಿನ ಬೆಳಿಗ್ಗೆ ಹೊರಗಿನ ಗೋಡೆಯ ಹತ್ತಿರ ದನಿ ಕೇಳಿತು. ಘೋಷಣೆಯಲ್ಲ. "ದ್ಯಾವಕ್ಕ, ಎಮ್ಮೆ ಕರೆದಾಯ್ತು, ಮೂರು ಸೇರು." "ಚೌಡಕ್ಕ, ನಿಮ್ಮತ್ತೆಗೆ ಸ್ನಾನ ಮಾಡಿಸ್ದೆ, ಮಗ್ಗುಲು ಬದಲಿಸ್ದೆ, ನನ್ನ ಬೈದ್ರು, ಚೆನ್ನಾಗವ್ರೆ." "ರುಖಿಯಾ, ಕೂಸು ಕುಡೀತು, ಮಲಗೈತೆ." ಹೀಗೆ ಒಬ್ಬೊಬ್ಬರೂ ಕೂಗಿ ಹೇಳಿ ಹೋದರು. ಸಂಜೆ ಮತ್ತೆ ಬಂದು ಹೇಳಿದರು. ಮೂರನೆಯ ದಿನವೂ ಅಷ್ಟೇ. ಯೋಗಾನಂದನ ಪದಬಂಧದ ಪುಟ ತಿರುಗುವುದು ನಿಂತಿತು. ಅವನು ನಮ್ಮನ್ನು ನೋಡತೊಡಗಿದ.

ನಾಲ್ಕನೆಯ ದಿನ ಕೈ ಎತ್ತಿದವರು ಯಾರು ಗೊತ್ತೇ, ವಾಮನಮೂರ್ತಿ. ಬದಲಿ ಬಟ್ಟೆ ತಂದಿರಲಿಲ್ಲ, ಊಟದ ಗಂಟು ಇರಲಿಲ್ಲ, ಮಾತ್ರೆ ಇರಲಿಲ್ಲ. ಅವೆಲ್ಲ ಇಷ್ಟು ವರ್ಷ ತಾವಾಗಿ ಬಂದು ಪಕ್ಕದಲ್ಲಿ ಕೂರುತ್ತಿದ್ದವು. ಪ್ರೆಸ್ಸಿಗೆ ಬೀಗ ಬಿದ್ದಿತ್ತು. ಗೋಡೆಯ ಆಚೆಯಿಂದ ಅವರ ಹೆಸರನ್ನು ಯಾರೂ ಕೂಗಲಿಲ್ಲ. "ತಾತ್ಕಾಲಿಕವಾಗಿ ಹಿಂದೆ ಸರಿಯೋಣ. ಕೋರ್ಟಿಗೆ ಹೋಗೋಣ. ಇದು ಸೋಲಲ್ಲ, ತಂತ್ರ" ಎನ್ನುತ್ತಿದ್ದರು. ಸಮಿತಿಯ ಏಳೆಂಟು ಕೈಗಳು ಅವರ ಹಿಂದೆಯೇ ಮೇಲೇಳತೊಡಗಿದವು.

ನನ್ನ ಮೈ ಉರಿದುಹೋಯಿತು. ಎದ್ದು ನಿಂತೆ. "ಹಾಲು ಸೋರಿಸ್ಕೊಂಡು ಎತ್ತಿದ್ರೆ ದೌರ್ಬಲ್ಯ. ಹೊಟ್ಟೆ ಉಬ್ಬರಿಸಿ ಎತ್ತಿದ್ರೆ ತಂತ್ರ. ಇದನ್ನೂ ಅಚ್ಚು ಹಾಕ್ಸಿ ಸಾರ್, ದಪ್ಪಕ್ಷರದಲ್ಲಿ" ಎಂದೆ. ಕಮಲಾಕ್ಷಮ್ಮ ಗಂಡನ ಹತ್ತಿರ ಹೋಗಿ, "ಕೈ ಇಳಿಸಿ" ಎಂದರು. ಅವರು ಹೆಂಡತಿಯ ಮುಖ ನೋಡಿ ಕೈ ಇಳಿಸಿದರು. ಉಳಿದವರೂ ಇಳಿಸಿದರು. ಆಮೇಲೆ ಕಮಲಾಕ್ಷಮ್ಮ ತಮ್ಮ ಗಂಟು ಬಿಚ್ಚಿ ಒಂದು ಮಾತ್ರೆ ಕೊಟ್ಟರು, ನೀರನ್ನು ಮಾತ್ರ ಅವರೇ ಎದ್ದು ಹೋಗಿ ಕುಡಿಯಬೇಕಾಯಿತು.

ಆರನೆಯ ದಿನ ಖರ್ಜೂರ ಮುಗಿಯಿತು. ಬೆಳಿಗ್ಗೆಯ ಕೂಗೆಲ್ಲ ನಿಂತ ಮೇಲೆ ಯೋಗಾನಂದ ನನ್ನ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತ. ಗಡ್ಡ ಬೆಳೆದಿತ್ತು.

"ಅಕ್ಕ, ನನ್ನ ಹೆಂಡ್ತಿಗೆ ದಿನ ತುಂಬಿದೆ. ಈ ವಾರ ಅಂತ ಹೇಳಿದ್ರು. ಎರಡು ದಿನದಲ್ಲಿ ಬರ್ತೀನಿ ಅಂತ ಬಂದಿದ್ದೆ. ಕಂಪನಿಯವ್ರು ವಿಚಾರಿಸ್ಕೋತೀವಿ ಅಂದಿದ್ರು. ಒಬ್ರೂ ಗೋಡೆ ಹತ್ರ ಬಂದಿಲ್ಲ."

ಅವನ ಮೇಲೆ ಆರು ತಿಂಗಳಿಂದ ಕೂಡಿಟ್ಟ ಸಿಟ್ಟಿತ್ತು ನನಗೆ. ಆ ಮುಖ ನೋಡಿದಾಗ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕಂಪನಿ ಅಲ್ಲಿ ಇರಲೇ ಇಲ್ಲ. ಕಂಪನಿಗೆ ಎದೆ ಇಲ್ಲ, ಬಸುರಿಲ್ಲ, ಅದನ್ನು ಕಾಯುವವರೂ ಇಲ್ಲ. ಅದು ತನ್ನ ಬದಲಿಗೆ ಇವನನ್ನು ಕೂರಿಸಿ ಹೋಗಿತ್ತು. ಮಧ್ಯಾಹ್ನ ಅವನು ನಮ್ಮ ಮಾತಿಗೆ ಕೈ ಎತ್ತುತ್ತೇನೆಂದ. ಕಂಪನಿಯವನೇ ಎತ್ತಿದ ಮೇಲೆ ಸಾಹುಕಾರರಿಗೆ ಇನ್ನೇನಿದೆ, ಆ ಹದಿನೆಂಟು ಮನೆಯವರೂ ಒಪ್ಪಿದರು. ವಾಮನಮೂರ್ತಿ ಎದ್ದು ಓದಿದರು, "ಕೆರೆಯ ತೆಂಕಣ ಭಾಗವನ್ನು ಬೂದಿಗೆ ಕೊಡತಕ್ಕದ್ದಲ್ಲ." ಎಲ್ಲರೂ ಕೈ ಎತ್ತಿದೆವು. ನನ್ನ ಕಣ್ಣಲ್ಲಿ ನೀರು ಬಂತು.

ಬಾಗಿಲು ತೆರೆಯಲಿಲ್ಲ.

ಒಬ್ಬರನ್ನೊಬ್ಬರು ನೋಡಿಕೊಂಡೆವು. ರುಖಿಯಾಳ ಎರಡೂ ಕೈಗಳು ಅವಳ ಮಡಿಲಲ್ಲಿದ್ದವು.

"ಕೈ ಎತ್ತಮ್ಮ ರುಖಿಯಾ. ಗೆದ್ವಿ" ಎಂದರು ವಾಮನಮೂರ್ತಿ.

"ಅರ್ಧ ಗೆದ್ರಿ ಸಾರ್."

"ಇನ್ನರ್ಧ ಆಮೇಲೆ ನೋಡೋಣ. ಚಳವಳಿ ಅಂದ್ಮೇಲೆ ಒಂದೊಂದೇ ಹೆಜ್ಜೆ ಇಡ್ಬೇಕು."

"ಆ ಅರ್ಧ ನಾನ್ ಕೊಟ್ಟೆ ಅಂತ ನೀವೇ ಅಚ್ಚು ಹಾಕ್ಸಿದ್ರಿ. ಸರಿ, ನಾನೇ ಕೊಟ್ಟಿದ್ದು. ಈಗ ವಾಪಸ್ ಕೇಳ್ತಿದ್ದೀನಿ. ಬಿದ್ದಿರೋ ಬೂದಿನೂ ಅವ್ರೇ ಎತ್ಬೇಕು. ಅದನ್ನ ಬರೀರಿ, ಆಮೇಲೆ ಎತ್ತೀನಿ."

ಯೋಗಾನಂದ ಅಲ್ಲೇ ಕುಸಿದು ಕೂತ. "ಅದು ನನ್ನ ಕೈಲಿಲ್ಲಮ್ಮ. ಇಷ್ಟಕ್ಕೇ ನನ್ನ ಕೆಲ್ಸ ಹೋಗತ್ತೆ. ಅದಕ್ಕೂ ಕೈ ಎತ್ತಿದ್ರೆ ಇನ್ಯಾರೂ ನಂಗೆ ಕೆಲ್ಸ ಕೊಡಲ್ಲ."

ರುಖಿಯಾ ಅವನನ್ನು ನೋಡಿದಳು. ಅವಳ ಮುಖದಲ್ಲಿ ಹಗೆ ಇರಲಿಲ್ಲ. "ನಿಮ್ಮನೆ ಎಲ್ಲಿ ಅಂತ ಹೇಳಿ. ಸಾಯಂಕಾಲ ನಮ್ಮವ್ರು ಗೋಡೆ ಹತ್ರ ಬಂದಾಗ ತಿಳಿಸ್ತೀವಿ. ಇಬ್ರು ಹೋಗಿ ನಿಮ್ಮ ಹೆಂಡ್ತಿ ಜೊತೆ ಇರ್ತಾರೆ, ಹೆರಿಗೆ ಆಗೋವರ್ಗೂ. ಅದು ಬೇರೆ. ಕೈ ಮಾತ್ರ ಎತ್ತಲ್ಲ."

ಆಗ ಎದ್ದಿತು ಗದ್ದಲ. ಒಬ್ಬಳಿಗೋಸ್ಕರ ಊರೆಲ್ಲ ಕೊಳೆಯಬೇಕಾ ಎಂದರು ಸಾಹುಕಾರರು. ಸಿಕ್ಕಿದ್ದೂ ಕೈಬಿಟ್ಟು ಹೋಗುತ್ತದೆ ಎಂದರು ಸಮಿತಿಯವರು. ಅವಳು ಮೊದಲು ಎತ್ತಿದಾಗಲೂ ಅವಳನ್ನೇ ಬೈದಿದ್ದರು, ಈಗ ಎತ್ತದಿದ್ದಾಗಲೂ ಅವಳನ್ನೇ ಬೈದರು. ಹೊಡೆಯುವವರಂತೆ ಮುಂದೆ ಬಂದ ಇಬ್ಬರನ್ನು ದ್ಯಾವಮ್ಮ ಅಡ್ಡಗಟ್ಟಿದಳು. ಅವರೆಲ್ಲರ ಕೈಗಳು ಮೇಲೇ ಇದ್ದವು, ಒಂದು ಕೈ ಎತ್ತಿಕೊಂಡೇ ಇನ್ನೊಂದು ಕೈಯಿಂದ ಬೆರಳು ತೋರಿಸಿ ಬೈಯುತ್ತಿದ್ದರು. ನಾಚಿಕೆಗೆಟ್ಟವರು.

ಸುಳ್ಳು ಯಾಕೆ ಹೇಳಲಿ, ನನಗೂ ಮನೆಗೆ ಹೋಗಬೇಕಿತ್ತು. ಸೊಂಟ ಬಿದ್ದುಹೋಗಿತ್ತು. ನನ್ನ ಕಲ್ಲುಗಳಿರುವ ಅರ್ಧ ಉಳಿದಿತ್ತು, ನನ್ನದು ನನಗೆ ಸಿಕ್ಕಿತ್ತು. ಕೈ ಎತ್ತಿಕೊಂಡೇ ಬಗ್ಗಿ ಅವಳ ಕಿವಿಯಲ್ಲಿ ಕೇಳಿದೆ.

"ಎಷ್ಟ್ ದಿನ ಕೂರ್ತೀಯೇ?"

ಅವಳು ಸೆರಗು ಸರಿಮಾಡಿಕೊಂಡು ಗೋಡೆಗೆ ಬೆನ್ನು ಕೊಟ್ಟಳು. "ಮನೇಲಿ ಕೂಸನ್ನ ನೋಡ್ಕೋತವ್ರೆ ಚೌಡಕ್ಕ. ನಂಗೇನೂ ಅವಸರ ಇಲ್ಲ."

ಅವಸರ ಇಲ್ಲ. ನಲವತ್ತಾರು ವರ್ಷದಲ್ಲಿ ಒಬ್ಬ ಹೆಂಗಸಿನ ಬಾಯಿಂದ ನಾನು ಆ ಮಾತು ಕೇಳಿದ್ದು ಅದೇ ಮೊದಲು. ನಾನು ಕೈ ಇಳಿಸಿ ಅವಳ ಪಕ್ಕದಲ್ಲಿ ಕೂತೆ.